ಕಾಲು ತೋಯಿಸುವ ಕಲ್ಲು

ಸುಣ್ಣದಹಳ್ಳ ಎಂಬ ಊರಿನ ಹಿಂದೆ ಒಂದು ಗುಡ್ಡವಿತ್ತು. ಆ ಗುಡ್ಡದಲ್ಲಿ ಒಂದು ಧಬಧಬಿ ಇತ್ತು. ಧಬಧಬಿ ಎಂದರೆ ಆ ಸೀಮೆಯವರ ಮಾತಿನಲ್ಲಿ ಜಲಪಾತ. ಹೆಸರು ಕೇಳಿ ಎತ್ತರದಿಂದ ಅಬ್ಬರಿಸಿ ಬೀಳುವ ನೀರನ್ನು ಕಣ್ಣಮುಂದೆ ತಂದುಕೊಳ್ಳಬೇಡಿ. ಇಲ್ಲಿ ನೀರು ಐದು ಅಗಲವಾದ ಹಂತಗಳ ಮೇಲೆ ಹಾಸಿಕೊಂಡು, ಅವಸರವಿಲ್ಲದೆ ಇಳಿಯುತ್ತದೆ. ಕಲ್ಲು ಸುಣ್ಣದ ಕಲ್ಲು, ಬೆಳ್ಳಗೆ ಇರುತ್ತದೆ. ಜನ ಅಲ್ಲಿಗೆ ಬರುವುದು ನೋಡುವುದಕ್ಕಷ್ಟೇ ಅಲ್ಲ, ಹತ್ತುವುದಕ್ಕೆ. ಬರಿಗಾಲಿನಲ್ಲಿ, ಹಗ್ಗ ಹಿಡಿದು, ಇಳಿಯುವ ನೀರಿಗೆ ಎದುರಾಗಿ ಹತ್ತುತ್ತಾರೆ. ಹತ್ತಿ ಇಳಿಯಲು ಅರ್ಧ ದಿನ ಸಾಕು.

ಅವರನ್ನು ಹತ್ತಿಸುತ್ತಿದ್ದವಳು ನಿಂಬೆವ್ವ. ಇಪ್ಪತ್ತೆರಡು ವರ್ಷಗಳಿಂದ ಅವಳದು ಅದೇ ಕೆಲಸ. ಈಗ ಅವಳಿಗೆ ಐವತ್ತಾರು ವಯಸ್ಸು, ಎಡ ಮೊಣಕಾಲಿನಲ್ಲಿ ನೋವು.

ನಿಂಬೆವ್ವನ ಒಂದು ಪದ್ಧತಿಯನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ. ಧಬಧಬಿಯ ಬುಡದಲ್ಲಿ ಒಂದು ಚಪ್ಪಟೆ ಕಲ್ಲಿದೆ. ಬಂದವರು ಯಾರೇ ಆಗಲಿ, ಎಷ್ಟೇ ಅವಸರದಲ್ಲಿರಲಿ, ಅವಳು ಮೊದಲು ಅವರನ್ನು ಆ ಕಲ್ಲಿನ ಮೇಲೆ ಕೂರಿಸುತ್ತಿದ್ದಳು. ಅವರು ಕಾಲನ್ನು ನೀರಿನಲ್ಲಿ ಇಳಿಬಿಟ್ಟು ಕೂರಬೇಕು. ನಿಂಬೆವ್ವ ಎಲೆಅಡಿಕೆ ಬಾಯಿಗೆ ಹಾಕಿಕೊಂಡು, ಅದು ಮುಗಿಯುವವರೆಗೆ ಅವರಿಗೆ ಒಂದು ವಿಷಯ ತಿಳಿಸಿ ಹೇಳುತ್ತಿದ್ದಳು. ಅದೇನೆಂದರೆ, ಈ ಧಬಧಬಿಯಲ್ಲಿ ನೀರು ಹರಿಯುವ ಕಡೆ ಕಾಲಿಡಬೇಕು. ಒಣಗಿದ ಕಲ್ಲಿನ ಮೇಲೆ ಇಡಬಾರದು. ನೀರಿದ್ದಲ್ಲಿ ಕಾಲು ಜಾರುವುದಿಲ್ಲ, ಒಣಗಿದ್ದಲ್ಲಿ ಜಾರುತ್ತದೆ.

ನಾವು ಹುಟ್ಟಿದಾಗಿನಿಂದ ಕಲಿತದ್ದಕ್ಕೆ ಇದು ಪೂರಾ ಉಲ್ಟಾ. ಆದ್ದರಿಂದ ಒಂದೇ ಸಲ ಹೇಳಿದರೆ ಯಾರೂ ನಂಬುವುದಿಲ್ಲ. ಯಾಕೆ ಹಾಗೆ ಎಂದು ಕೂರಿಸಿ ಹೇಳಬೇಕು. ಆ ಕಾರಣವನ್ನು ನಿಂಬೆವ್ವನೇ ಮುಂದೆ ಹೇಳುತ್ತಾಳೆ, ಅಲ್ಲಿಯವರೆಗೆ ನೀವು ನನ್ನ ಮಾತನ್ನು ನಂಬಿಕೊಂಡಿರಿ.

ಈಗ ಇನ್ನಿಬ್ಬರು. ಒಬ್ಬರು ರಾಚಯ್ಯ. ದೂರದ ಒಂದು ಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಕಂಟ್ರೋಲರ್ ಎಂದರೆ, ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಬಿಡಬೇಕು ಎಂದು ನೋಡಿಕೊಳ್ಳುವವರು. ಮೂವತ್ತೊಂದು ವರ್ಷ ಆ ಕೆಲಸ ಮಾಡಿದ್ದರಿಂದ ಅವರಿಗೆ ಊಟ, ನಿದ್ದೆ, ಪೂಜೆ ಎಲ್ಲವೂ ಬಸ್ಸಿನ ಹಾಗೆಯೇ ಕಾಣುತ್ತಿದ್ದವು. ಬರಬೇಕಾದ ಹೊತ್ತಿಗೆ ಬರಬೇಕು, ಬಿಡಬೇಕಾದ ಹೊತ್ತಿಗೆ ಬಿಡಬೇಕು.

ಇನ್ನೊಬ್ಬರು ಅವರ ಹೆಂಡತಿ ಬಸಲಿಂಗಮ್ಮ. ಎರಡು ವರ್ಷದ ಹಿಂದೆ ಬಸಲಿಂಗಮ್ಮ ಮನೆಯ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದರು. ಆಪರೇಷನ್ ಆಯಿತು, ಒಳಗೆ ರಾಡ್ ಹಾಕಿದರು. ಆರು ತಿಂಗಳು ಹಾಸಿಗೆ, ಆಮೇಲೆ ವಾಕರ್, ಆಮೇಲೆ ಕೋಲು. ಈಗ ಕೋಲೂ ಬಿಟ್ಟಿದ್ದರು. ಎಲುಬು ಕೂಡಿತ್ತು, ಆದರೆ ಹೆದರಿಕೆ ಹೋಗಿರಲಿಲ್ಲ. ನೆಲದ ಮೇಲೆ ಒಂದು ಹನಿ ನೀರು ಕಂಡರೂ ನಿಂತುಬಿಡುತ್ತಿದ್ದರು. ಅವರು ನಿಂತಲ್ಲಿಗೆ ರಾಚಯ್ಯ ಬಟ್ಟೆ ಹಿಡಿದು ಓಡಿ ಬರುತ್ತಿದ್ದರು. ಎರಡು ವರ್ಷ ಅವರು ಮಾಡಿದ್ದು ಅದನ್ನೇ, ಒರೆಸುವುದು. ಬಚ್ಚಲು ಒರೆಸುವುದು, ಅಡುಗೆಮನೆ ಒರೆಸುವುದು, ಮಳೆ ಬಂದರೆ ಅಂಗಳವನ್ನೂ ಒರೆಸುವುದು. ಒರೆಸಿ ಒರೆಸಿ ರಾಚಯ್ಯನಿಗೂ ಸಾಕಾಗಿತ್ತು, ಒರೆಸಿದ್ದನ್ನು ನೋಡಿ ನೋಡಿ ಬಸಲಿಂಗಮ್ಮನಿಗೂ ಸಾಕಾಗಿತ್ತು. ಇಬ್ಬರೂ ಅದನ್ನು ಹೇಳುತ್ತಿರಲಿಲ್ಲ.

ಒಂದು ದಿನ ಬಸಲಿಂಗಮ್ಮ ತಟ್ಟೆಯ ಮುಂದೆ ಕೂತು ಅಂದರು:

"ರೀ, ಸುಣ್ಣದಹಳ್ಳದ ಧಬಧಬಿ ಹತ್ತಬೇಕು ಅನಿಸೇತಿ ನನಗ."

ರಾಚಯ್ಯನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಧಬಧಬಿ? ನೀರಾಗ? ನೀನ?"

"ಹೂಂ, ನಾನ. ಹೋದ ವಾರ ಡಾಕ್ಟರ್ ಏನಂದ್ರು? ಎಲುಬು ಗಟ್ಟಿ ಐತಿ, ಆಸರ ಹಿಡಕೊಂಡು ನಿಧಾನಕ್ಕ ಹತ್ರಿ, ಅರ್ಧ ದಿನ ಓಡಾಡಬಹುದು, ಮಧ್ಯಾಹ್ನ ಮಲಗಬೇಕು ಅಂದ್ರು. ಅದು ಅರ್ಧ ದಿನದ್ದ."

"ಅಲ್ಲ, ಗುಡಿಗೆ ಹೋಗೂಣು. ಪಾರ್ಕಿಗೆ ಹೋಗೂಣು."

"ಪಾರ್ಕಿನಾಗ ಕುಂತು ಏನ್ ಮಾಡ್ಲಿ? ನಿಮ್ಮ ಮಾರಿ ನೋಡ್ಲೇನು? ಅದು ಮನ್ಯಾಗ ಕಾಣತೈತಿ." ಆಮೇಲೆ ಅವರು ದನಿ ಇಳಿಸಿದರು. "ನೀರು ಕಂಡ್ರ ನಿಂದ್ರೂದು ನನಗ ಸಾಕಾಗೇತ್ರಿ. ಒಂದ್ ಸಲ ನೀರಾಗ ಕಾಲಿಟ್ಟು ನೋಡ್ತೀನಿ. ಆಗದಿದ್ರ ಇನ್ನ ಜೀವನದಾಗ ಕೇಳಂಗಿಲ್ಲ."

ಈ ಕೊನೆಯ ಮಾತು ರಾಚಯ್ಯನಿಗೆ ತಾಗಿತು. ಈ ಒಂದು ಅರ್ಧ ದಿನ ಸರಿಹೋದರೆ ಹೆಂಡತಿ ಮತ್ತೆ ಧೈರ್ಯವಾಗಿ ನಡೆಯುತ್ತಾಳೆ. ಕೆಟ್ಟರೆ ಇನ್ನು ಹೊಸ್ತಿಲು ದಾಟುವುದಿಲ್ಲ. ಇದು ಅವರಿಗೆ ಚೆನ್ನಾಗಿ ತಿಳಿಯಿತು. ತಿಳಿದ ಮೇಲೆ ಅವರು ತಮಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದರು. ಕಾಗದ ತೆಗೆದುಕೊಂಡು, ಗೆರೆ ಎಳೆದು, ವೇಳಾಪಟ್ಟಿ ಬರೆಯಲು ಕೂತರು.

ಮನೆ ಬಿಡುವುದು ಆರಕ್ಕೆ. ಬಸ್ಸು ಆರು ಹತ್ತಕ್ಕೆ. ಸುಣ್ಣದಹಳ್ಳ ಕ್ರಾಸ್ ಏಳು ಮೂವತ್ತೈದಕ್ಕೆ. ಅಲ್ಲಿಂದ ನಡಿಗೆ ಇಪ್ಪತ್ತೈದು ನಿಮಿಷ, ನಡುವೆ ಎರಡು ಕಡೆ ಕೂರುವುದು ಸೇರಿ. ಒಂದೊಂದು ಹಂತಕ್ಕೆ ಹದಿನೆಂಟು ನಿಮಿಷ. ತುದಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಇಪ್ಪತ್ತು ನಿಮಿಷ. ಇಳಿಯುವುದು. ಹನ್ನೊಂದು ನಲವತ್ತೈದರ ಬಸ್ಸು. ಒಂದೂವರೆಗೆ ಬಸಲಿಂಗಮ್ಮ ಮನೆಯಲ್ಲಿ ಮಲಗಿರಬೇಕು.

ನಾಲ್ಕು ದಿನ ಅದನ್ನು ತಿದ್ದಿದರು. ನಿಂಬೆವ್ವನಿಗೆ ಮೂರು ಸಲ ಫೋನ್ ಮಾಡಿದರು. ಹಗ್ಗ ಎಷ್ಟು ದಪ್ಪ, ಹಂತ ಎಷ್ಟು ಎತ್ತರ, ಕೂರಲು ನೆರಳಿದೆಯೇ, ಹೀಗೆ ಹದಿನಾರು ಪ್ರಶ್ನೆ ಕೇಳಿದರು. ಮೂರನೆಯ ಸಲ ಅವರು ಫೋನ್ ಮಾಡಿದ್ದು ಸಂಜೆ. ನಿಂಬೆವ್ವ ಆ ದಿನ ಎರಡು ಗುಂಪನ್ನು ಹತ್ತಿಸಿ ಇಳಿಸಿ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದಳು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದಿದ್ದಳು.

"ಕಡೀ ಪ್ರಶ್ನೆ ನಿಂಬೆವ್ವ. ಕಾಲು ಎಲ್ಲಿಡಬೇಕು?"

"ನೀರು ಹರಿಯೂ ಕಡೆ ಇಡ್ರಿ ಅಯ್ಯಾರ. ಒಣಾ ಕಲ್ಲಿನ ಮ್ಯಾಲ ಇಡಬ್ಯಾಡ್ರಿ."

"ನೀರು ಹರಿಯೂ ಕಡೆ?"

"ಹೂಂ."

"ಒಣಾ ಕಲ್ಲಿನ ಮ್ಯಾಲ ಬ್ಯಾಡ?"

"ಹೂಂ ಅಂದ್ನಲ್ರಿ."

ರಾಚಯ್ಯ ಕಾದರು. ಇನ್ನೇನಾದರೂ ಹೇಳುತ್ತಾಳೆ ಎಂದು ಕಾದರು. ನಿಂಬೆವ್ವನೂ ಹೇಳುವವಳೇ ಇದ್ದಳು. ಆದರೆ ಅದೇ ಮಾತನ್ನು ಆ ದಿನ ಬೆಳಿಗ್ಗೆ ಒಮ್ಮೆ ಹೇಳಿದ್ದಳು, ಮಧ್ಯಾಹ್ನ ಒಮ್ಮೆ ಹೇಳಿದ್ದಳು. ನಿನ್ನೆ ಹೇಳಿದ್ದಳು, ಮೊನ್ನೆ ಹೇಳಿದ್ದಳು, ಇಪ್ಪತ್ತೆರಡು ವರ್ಷ ಹೇಳಿದ್ದಳು. ಅವಳ ಬಾಯಿಗೇ ಆ ಮಾತು ಸಪ್ಪೆಯಾಗಿತ್ತು. ಬಂದಾಗ ಹೇಳಿದರಾಯಿತು ಎಂದುಕೊಂಡು, "ಬರ್ರಿ ಅಯ್ಯಾರ, ಎಲ್ಲಾ ಆಗತೈತಿ" ಎಂದು ಫೋನ್ ಇಟ್ಟಳು.

ರಾಚಯ್ಯನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಅವಳು ಹೇಳಿದ್ದು ಅವರಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೆ ಅದನ್ನು ಅವರು ನಂಬಲಿಲ್ಲ. ಎರಡು ವರ್ಷ ಹನಿ ಹನಿ ನೀರು ಒರೆಸಿದ ಮನುಷ್ಯ, ನೀರಿನಲ್ಲಿ ಕಾಲಿಟ್ಟರೆ ಜಾರುವುದಿಲ್ಲ ಎಂದರೆ ಹೇಗೆ ನಂಬುತ್ತಾನೆ? ಪಾಪ, ದಣಿದಿದ್ದಾಳೆ, ಬಾಯಿ ತಪ್ಪಿ ಉಲ್ಟಾ ಹೇಳಿದ್ದಾಳೆ ಎಂದುಕೊಂಡರು. ಬಸ್‌ಸ್ಟ್ಯಾಂಡಿನಲ್ಲೂ ಅವರು ಹೀಗೆಯೇ ಮಾಡುತ್ತಿದ್ದರು. ದಣಿದ ಡ್ರೈವರ್ ಬಂದ ವೇಳೆ ತಪ್ಪಾಗಿ ಹೇಳಿದರೆ ಅವನನ್ನು ಮತ್ತೆ ಕೇಳುತ್ತಿರಲಿಲ್ಲ, ತಾವೇ ಸರಿಮಾಡಿ ಬರೆದುಕೊಳ್ಳುತ್ತಿದ್ದರು. ಇಲ್ಲಿಯೂ ಸರಿಮಾಡಿ ಬರೆದುಕೊಂಡರು:

"ಒಣಗಿದ ಕಲ್ಲಿನ ಮೇಲೆ ಮಾತ್ರ ಕಾಲಿಡುವುದು. ನೀರಿನಲ್ಲಿ ಇಡಬಾರದು."

ಅದರ ಕೆಳಗೆ ಕೆಂಪು ಪೆನ್ನಿನಿಂದ ಎರಡು ಗೆರೆ ಎಳೆದರು.

ಹೊರಡುವ ದಿನ ಎಲ್ಲವೂ ಪಟ್ಟಿಯಂತೆಯೇ ನಡೆಯಿತು. ಬಸ್ಸಿನಲ್ಲಿ ರಾಚಯ್ಯ ಸೂಚನೆಗಳನ್ನೆಲ್ಲ ಹೆಂಡತಿಗೆ ಓದಿ ಹೇಳಿದರು. ಮುಂದಿನ ಸೀಟಿನವರೂ ತಿರುಗಿ ಕೇಳಿದರು. ಸರಿಯಾಗಿ ಎಂಟಕ್ಕೆ ಇಬ್ಬರೂ ಧಬಧಬಿಯ ಬುಡದಲ್ಲಿ ನಿಂತಿದ್ದರು. ಬಸಲಿಂಗಮ್ಮ ಸೀರೆಯನ್ನು ಮೇಲಕ್ಕೆ ಎತ್ತಿ ಸಿಕ್ಕಿಸಿಕೊಂಡಿದ್ದರು. ಮುಖ ಬಿಳಿಚಿಕೊಂಡಿತ್ತು.

ನಿಂಬೆವ್ವ ಚಪ್ಪಟೆ ಕಲ್ಲನ್ನು ಕೈಯಿಂದ ತಟ್ಟಿ, "ಬರ್ರಿ ಅಕ್ಕಾರ, ಕುಂದುರ್ರಿ. ಕಾಲು ನೀರಾಗ ಬಿಡ್ರಿ. ಒಂದೀಟು ಹೇಳೂದೈತಿ" ಅಂದಳು.

ರಾಚಯ್ಯ ಕಾಗದ ತೆಗೆದರು. "ಅದು ಬಸ್ಸಿನಾಗ ಆಗೇತಿ ನಿಂಬೆವ್ವ. ಎಲ್ಲಾ ಬರದೀನಿ, ಓದಿ ಹೇಳೀನಿ. ಇಲ್ಲಿ ನಮಗ ಹದಿನೈದು ನಿಮಿಷ ಉಳೀತು."

"ಕಾಲು ಎಲ್ಲಿಡಬೇಕು ಅನ್ನೂದೂ ಹೇಳೀರಿಲ್ಲೋ?"

"ಅದನ್ನ ಮೊದಲ ಹೇಳೀನಿ. ಕೆಂಪು ಪೆನ್ನಿಲೆ ಗೆರಿ ಹೊಡದೀನಿ."

ನಿಂಬೆವ್ವ ಒಂದು ಗಳಿಗೆ ನಿಂತಳು. ಕೈಯಲ್ಲಿ ಎಲೆ ಇತ್ತು, ಸುಣ್ಣ ಹಚ್ಚಿಯಾಗಿತ್ತು. ಕಾಗದವನ್ನು ಇಸಿದುಕೊಂಡು ನೋಡಬಹುದಾಗಿತ್ತು. ಆದರೆ ಅವಳಿಗೆ ಅನಿಸಿದ್ದು ಒಂದೇ. ಅಬ್ಬಾ, ಇದೊಂದು ಸಲ ಅದನ್ನು ಹೇಳಬೇಕಾಗಿಲ್ಲ. ಭಾರ ಹೊತ್ತವರಿಗೆ ಬೇರೆ ಯಾರೋ ಕೈ ಕೊಟ್ಟರೆ ಎಷ್ಟು ಹಗುರವಾಗುತ್ತದೋ ಅಷ್ಟು ಹಗುರವಾಯಿತು. ಎಲೆಯನ್ನು ಮಡಚಿ ಬಾಯಿಗೆ ಹಾಕಿಕೊಂಡು, "ಹಂಗಾರ ನಡೀರಿ" ಅಂದಳು.

ಮೊದಲ ಹಂತದಲ್ಲಿ ಒಣಗಿದ ಜಾಗವೇ ಇಲ್ಲ. ಎಲ್ಲ ಕಡೆಯೂ ನೀರು. ನಿಂಬೆವ್ವ ಹಗ್ಗ ಸರಿಮಾಡುತ್ತಾ ಮುಂದೆ ಹತ್ತಿದಳು. ಹಿಂದೆ ಬಸಲಿಂಗಮ್ಮ, ಅವರ ಹಿಂದೆ ರಾಚಯ್ಯ. ಬಸಲಿಂಗಮ್ಮ ಕಣ್ಣು ಮುಚ್ಚಿಕೊಂಡೇ ಒಂದೊಂದು ಹೆಜ್ಜೆ ಇಟ್ಟರು. ನಾಲ್ಕು ಹೆಜ್ಜೆಯಾದ ಮೇಲೆ ಕಣ್ಣು ಬಿಟ್ಟು ಅಂದರು:

"ರೀ, ಜಾರವಲ್ದಲ್ಲ!"

"ನಸೀಬು ಚಲೋ ಐತಿ. ಮಾತಾಡಬ್ಯಾಡ, ಕಾಲು ನೋಡು. ಇದೊಂದು ದಾಟಿದ್ರ ಮ್ಯಾಲ ಒಣಾ ಕಲ್ಲು ಐತಿ."

ನೋಡಿ, ಕಾಲಿನ ಕೆಳಗೇ ನಿಜ ಇತ್ತು. ಆದರೂ ಕಾಗದದಲ್ಲಿ ಬರೆದದ್ದೇ ಅವರಿಗೆ ಹೆಚ್ಚಾಯಿತು.

ಎರಡನೆಯ ಹಂತದ ಎಡಬದಿಯಲ್ಲಿ ನೀರು ಹರಿಯುತ್ತಿರಲಿಲ್ಲ. ಕಲ್ಲು ಒಣಗಿದಂತೆ, ಕಪ್ಪಗೆ, ಹಾಸಿದಂತೆ ಕಾಣುತ್ತಿತ್ತು. ನಿಂಬೆವ್ವ ನಡುವೆ ನೀರಿನಲ್ಲೇ ಹತ್ತಿ ಹೋಗಿದ್ದಳು, ಅವಳ ಬೆನ್ನು ಈ ಕಡೆಗಿತ್ತು. ರಾಚಯ್ಯ ಹೆಂಡತಿಯ ಮೊಣಕೈ ಹಿಡಿದು ಎಡಕ್ಕೆ ತಿರುಗಿಸಿದರು. "ಹಾಂ, ಇಲ್ಲಿ. ಇಲ್ಲಿ ಇಡು. ಇದು ಒಣಾ ಐತಿ."

ಬಸಲಿಂಗಮ್ಮ ಧೈರ್ಯವಾಗಿ ಕಾಲಿಟ್ಟರು. ಒಣಗಿದ ಕಲ್ಲಲ್ಲವೇ ಎಂದು ಮೈಯ ಭಾರವನ್ನೆಲ್ಲ ಬಿಟ್ಟರು.

ಕಾಲು ಬೆಣ್ಣೆಯ ಮೇಲೆ ಇಟ್ಟಂತೆ ಹೋಯಿತು.

ಕೂಗು ಕೇಳಿ ನಿಂಬೆವ್ವ ತಿರುಗಿದಳು. ತಿರುಗಿದವಳು ಯೋಚಿಸಲಿಲ್ಲ. ಹಗ್ಗ ಹಿಡಿದು ಒಂದೇ ಸಲಕ್ಕೆ ಕೆಳಕ್ಕೆ ಜಿಗಿದು, ಬಸಲಿಂಗಮ್ಮ ಬೀಳುವ ಜಾಗಕ್ಕೆ ತನ್ನ ಮೈಯನ್ನು ಅಡ್ಡ ಕೊಟ್ಟಳು. ಇಬ್ಬರೂ ಒಬ್ಬರ ಮೇಲೊಬ್ಬರು ಕೂತುಬಿಟ್ಟರು. ಬಸಲಿಂಗಮ್ಮನ ಮೊಣಕೈ ತರಚಿತು, ಅಷ್ಟೇ. ತೊಡೆಗೆ ಏನೂ ಆಗಲಿಲ್ಲ. ನಿಂಬೆವ್ವನ ನೋವಿನ ಮೊಣಕಾಲೇ ಕಲ್ಲಿಗೆ ಬಡಿಯಿತು. ಅವಳು ಹಲ್ಲು ಕಚ್ಚಿಕೊಂಡಳು.

ಬಸಲಿಂಗಮ್ಮ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಅವರು ಕೂತಲ್ಲೇ ಕಲ್ಲಾದರು. ಎರಡು ಕೈಯಿಂದ ತೊಡೆ ಹಿಡಿದುಕೊಂಡು, "ಮತ್ತ ಬಿದ್ನಿ. ಮತ್ತ ಬಿದ್ನಿ ನೋಡ್ರಿ" ಎಂದಷ್ಟೇ ಹೇಳಿದರು. ಮೇಲಕ್ಕೆ ಕರೆದರೆ ಬರಲೊಲ್ಲರು. ಕೆಳಕ್ಕೆ ಕರೆದರೂ ಬರಲೊಲ್ಲರು. ಎತ್ತಿಕೊಂಡು ಇಳಿಸೋಣವೆಂದರೆ, ಮುಟ್ಟಿದರೆ ಕೂಗುತ್ತಾರೆ. ಸುತ್ತ ನೀರು ಹರಿಯುತ್ತಿತ್ತು. ರಾಚಯ್ಯ ಹೆಗಲಿನ ಟವಲು ತೆಗೆದು ಹೆಂಡತಿಯ ಪಾದದ ಸುತ್ತಲಿನ ಕಲ್ಲನ್ನು ಒರೆಸತೊಡಗಿದರು. ಧಬಧಬಿಯ ನಡುವೆ ನಿಂತು ಕಲ್ಲು ಒರೆಸುವವರನ್ನು ನಿಂಬೆವ್ವ ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ.

"ಅಯ್ಯಾರ, ಅದನ್ನ ಬಿಡ್ರಿ. ಈ ಕಡೆ ಯಾಕ ಬಂದ್ರಿ? ಒಣಾ ಕಲ್ಲಿನ ಮ್ಯಾಲ ಇಡಬ್ಯಾಡ್ರಿ ಅಂದಿದ್ನಲ್ಲ?"

ರಾಚಯ್ಯ ಒದ್ದೆಯಾದ ಕಾಗದ ತೆಗೆದು ತೋರಿಸಿದರು. ಕೆಂಪು ಗೆರೆ ಹರಡಿತ್ತು, ಅಕ್ಷರಗಳು ಇನ್ನೂ ಕಾಣುತ್ತಿದ್ದವು. "ನೀವು ಬಾಯಿ ತಪ್ಪಿ ಹೇಳೀರಿ ಅಂತ ನಾನ ತಿದ್ದೀನಿ" ಅಂದರು. ಹೇಳುತ್ತಾ ಹೇಳುತ್ತಾ ದನಿ ಸಣ್ಣದಾಯಿತು.

ನಿಂಬೆವ್ವನ ಬಾಯಿಗೆ ಒಂದು ಬೈಗುಳ ಬಂದಿತ್ತು. ಅದು ಅಲ್ಲೇ ನಿಂತಿತು. ಇವರು ತಿದ್ದಿ ಬರೆದರು, ಸರಿ. ಆದರೆ ತಿದ್ದಲು ಜಾಗ ಬಿಟ್ಟವರು ಯಾರು? ಫೋನಿನಲ್ಲಿ ಎರಡು ಮಾತು ಹೆಚ್ಚು ಹೇಳಿದ್ದರೆ ಇವರು ತಿದ್ದುತ್ತಿದ್ದರೇ? ಬುಡದ ಕಲ್ಲಿನ ಮೇಲೆ ಕೂರಿಸಿದ್ದರೆ ಈ ಹೆಂಗಸು ಇಲ್ಲಿ ಹೀಗೆ ಕೂರುತ್ತಿದ್ದಳೇ? ಹೇಳುವುದು ತಪ್ಪಿತಲ್ಲ ಎಂದು ಹಗುರಾದ ಆ ಗಳಿಗೆ ಅವಳಿಗೆ ನೆನಪಾಯಿತು.

ಅವಳು ಬಸಲಿಂಗಮ್ಮನ ಪಕ್ಕದಲ್ಲಿ ಕೂತಳು. ಮೊಣಕಾಲು ಮಡಚಲಾಗದೆ ನೀಡಿಕೊಂಡು ಕೂತಳು. ಸೊಂಟದ ಚೀಲದಿಂದ ಎಲೆ ತೆಗೆದು, ಸುಣ್ಣ ಹಚ್ಚಿ, ಬಾಯಿಗೆ ಹಾಕಿಕೊಂಡಳು. ಆಮೇಲೆ ಬುಡದಲ್ಲಿ ಹೇಳಬೇಕಾಗಿದ್ದ ಮಾತನ್ನು ಎರಡನೆಯ ಹಂತದಲ್ಲಿ ಹೇಳಲು ಶುರುಮಾಡಿದಳು.

"ಅಕ್ಕಾರ, ನಿಮ್ಮ ಮನ್ಯಾಗ ಬೋರಿನ ನೀರೇನು?"

ರಾಚಯ್ಯ "ಹೌದು, ಬೋರಿಂದು" ಅಂದರು.

"ಅಕ್ಕಾರನ್ನ ಕೇಳೀನಿ."

ಬಸಲಿಂಗಮ್ಮ "ಹೂಂ" ಅಂದರು.

"ಆ ನೀರು ದಿನಾ ಕಾಸಿದ್ರ ಹಂಡೇದ ಒಳಗ ಏನ್ ಕಟ್ಟತೈತಿ?"

"ಹಕ್ಕಳಿ. ಬೆಳ್ಳಗ."

"ಮುಟ್ಟಿದ್ರ ಹ್ಯಾಂಗಿರತೈತಿ? ನುಣ್ಣಗೋ, ಒರಟೋ?"

"ಒರಟು. ತಿಕ್ಕಿ ತಿಕ್ಕಿ ಕೈ ಹರೀತಾವ. ಹೋಗಂಗಿಲ್ಲ ಅದು."

"ಅದ ನೋಡ್ರಿ ಇದು. ಈ ನೀರಾಗ ಸುಣ್ಣ ಐತಿ. ನೀರು ಹರದಲ್ಲೆಲ್ಲಾ ಹಂಡ್ಯಾಗ ಕಟ್ಟಿದಂಗ ಕಲ್ಲಿನ ಮ್ಯಾಲ ಹಕ್ಕಳಿ ಕಟ್ಟತೈತಿ. ದಿನಾ ಹೊಸಾದು ಕಟ್ಟತೈತಿ. ಅದಕ್ಕ ಅಲ್ಲಿ ಪಾಚಿ ನಿಂದರಂಗಿಲ್ಲ, ಕಾಲು ಕಚ್ಚಿ ಹಿಡೀತೈತಿ. ನೀರು ಎಲ್ಲಿ ಹರಿಯೂದು ಬಿಟ್ಟಿತೋ ಅಲ್ಲಿ ಹೊಸಾ ಹಕ್ಕಳಿ ಇಲ್ಲ. ಅಲ್ಲಿ ಪಾಚಿ ಬಂದು ಕುಂದರತೈತಿ. ಮ್ಯಾಲೆ ಒಣಾ ಕಾಣತೈತಿ, ಒಳಗ ಲೋಳಿ. ನೀವು ಬಿದ್ದದ್ದು ನೀರಾಗ ಅಲ್ಲ ಅಕ್ಕಾರ. ಒಣಾ ಕಲ್ಲಿನ ಮ್ಯಾಲ ಬಿದ್ರಿ."

ಬಸಲಿಂಗಮ್ಮ ತಲೆ ಎತ್ತಿದರು. ತಾವು ಜಾರಿದ ಕಪ್ಪು ಕಲ್ಲನ್ನು ನೋಡಿದರು. ಅದರ ಪಕ್ಕದಲ್ಲಿ ನೀರು ಹರಿಯುತ್ತಿದ್ದ ಬಿಳಿ ಕಲ್ಲನ್ನು ನೋಡಿದರು. ಆಮೇಲೆ ಬಗ್ಗಿ, ಬಿಳಿ ಕಲ್ಲನ್ನು ನೀರಿನೊಳಗೇ ಬೆರಳಿನಿಂದ ಕೆರೆದರು. ನಲವತ್ತು ವರ್ಷ ಹಂಡೆ ತಿಕ್ಕಿದ ಬೆರಳು ಅದು, ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನಮ್ಮ ಹಂಡೇನ ಇದು" ಅಂದರು.

"ನಿಮ್ಮ ಹಂಡೇನ" ಅಂದಳು ನಿಂಬೆವ್ವ.

ಬಸಲಿಂಗಮ್ಮ ಕೂತಲ್ಲಿಂದಲೇ ಒಂದು ಪಾದ ಚಾಚಿ ಬಿಳಿ ಕಲ್ಲಿನ ಮೇಲೆ ಇಟ್ಟರು. ನೀರು ಪಾದದ ಮೇಲೆ ಹಾದುಹೋಯಿತು. ಪಾದ ಅಲ್ಲೇ ನಿಂತಿತು. ಇನ್ನೊಂದು ಪಾದ ಇಟ್ಟರು. ರಾಚಯ್ಯ ಟವಲು ಹಿಡಿದು ಒಂದು ಹೆಜ್ಜೆ ಮುಂದೆ ಬಂದರು. ಬಸಲಿಂಗಮ್ಮ ಅವರ ಕಡೆ ನೋಡದೆಯೇ, "ಒರಸಬ್ಯಾಡ್ರಿ" ಅಂದರು. ಹಗ್ಗ ಹಿಡಿದು ಎದ್ದು ನಿಂತರು.

ಆಗ ಗಂಟೆ ಒಂಬತ್ತೂವರೆ. ಪಟ್ಟಿಯ ಪ್ರಕಾರ ಅವರು ಆಗಲೇ ತುದಿಯಲ್ಲಿರಬೇಕಾಗಿತ್ತು. ರಾಚಯ್ಯ ಒದ್ದೆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಮೂರನೆಯ ಹಂತಕ್ಕೆ ಹೋದಾಗ ಹತ್ತು ದಾಟಿತ್ತು. ಅಲ್ಲಿ ಕೂರಲು ಒಂದು ತಗ್ಗಾದ ಜಾಗವಿದೆ. ಅಲ್ಲೇ ರೊಟ್ಟಿ ಬಿಚ್ಚಿದರು. ಮೇಲೆ ಇನ್ನೂ ಎರಡು ಹಂತ ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುತ್ತಿದ್ದವು. ರಾಚಯ್ಯ ಅವನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಇಷ್ಟು ದೂರ ಬಂದು ತುದಿ ಮುಟ್ಟದೆ ಹೋದರೆ ಅವಳಿಗೆ ಬೇಸರವಾದೀತು ಎಂದು ಅವರಿಗೆ ಅಳುಕು.

"ಹತ್ತತೀಯೇನು? ಹೊತ್ತು ಆದ್ರ ಆಗ್ಲಿ."

ಬಸಲಿಂಗಮ್ಮ ರೊಟ್ಟಿ ಮುರಿದು ನಿಂಬೆವ್ವನಿಗೂ ಕೊಟ್ಟರು. "ಬ್ಯಾಡ. ಕಾಲಾಗಿನ ಶಕ್ತಿ ಇಳಿಯಾಕ ಬೇಕು. ನಾ ಬಂದಿದ್ದು ತುದಿ ನೋಡಾಕ ಅಲ್ರಿ, ನೀರಾಗ ನಿಂದ್ರಾಕ. ನಿಂತೀನಿ."

ಅವರ ಮುಖದಲ್ಲಿ ದೊಡ್ಡ ಸಂತೋಷವೇನೂ ಕಾಣಲಿಲ್ಲ. ಬಹಳ ದಿನ ಹೊತ್ತದ್ದನ್ನು ಇಳಿಸಿದವರ ಮುಖದಲ್ಲಿ ಕಾಣುವ ಸುಸ್ತು ಕಾಣುತ್ತಿತ್ತು. ಮೂವರೂ ಉಂಡರು.

ನೀರಿನಲ್ಲೇ ಕಾಲಿಟ್ಟು ಮೂವರೂ ಕೆಳಗಿಳಿಯುವ ಹೊತ್ತಿಗೆ ಹನ್ನೊಂದು ಕಾಲು. ಬುಡದಲ್ಲಿ ಮುಂದಿನ ಗುಂಪು ಬಂದು ಕಾಯುತ್ತಿತ್ತು. ಒಂದು ಟೆಂಪೋದಲ್ಲಿ ಬಂದ ಎಂಟು ಮಂದಿ. ಅವರಲ್ಲಿ ಒಬ್ಬ ಹೊಸ ಬೂಟು ಹಾಕಿಕೊಂಡು, ಹತ್ತಲು ತುದಿಗಾಲಿನಲ್ಲಿ ನಿಂತಿದ್ದ. ನಿಂಬೆವ್ವನ ಮೊಣಕಾಲು ಆಗಲೇ ಊದಿತ್ತು. ಅವಳು ಅವರನ್ನು ನೋಡಿ, ಉಸಿರು ಬಿಟ್ಟು, ಚಪ್ಪಟೆ ಕಲ್ಲಿನ ಕಡೆ ನಡೆದಳು.

"ಬರ್ರಿ, ಎಲ್ಲಾರೂ ಕುಂದುರ್ರಿ. ಬೂಟು ಬಿಚ್ರಿ."

ಬೂಟಿನವನು ನಕ್ಕ. "ಬೂಟು ಬಿಚ್ಚಿದ್ರ ಜಾರೂದಿಲ್ಲೇನವ್ವ? ಇದಕ್ಕಂತ ಹೊಸಾದು ತಂದೀನಿ. ಕುಂದ್ರೂದು ಬ್ಯಾಡ, ಸೀದಾ ಹತ್ತೂಣು."

ನಿಂಬೆವ್ವ ಬಾಯಿ ತೆರೆದಳು. ಮಾತು ಬರುವ ಮೊದಲು ಒಂದು ಆಕಳಿಕೆ ಬಂತು. ಅಷ್ಟರಲ್ಲಿ ಬಸಲಿಂಗಮ್ಮ ಅವಳನ್ನು ಪಕ್ಕಕ್ಕೆ ಕೂರಿಸಿ, ತಾವು ಕಲ್ಲಿನ ಮುಂದೆ ನಿಂತರು.

"ತಮ್ಮಾ, ನಾನೂ ನಿನ್ನಂಗ ಕುಂದರದ ಹತ್ತಿದಾಕಿ. ಇಲ್ನೋಡು ಮೊಣಕೈ." ತರಚಿದ ಮೊಣಕೈ ತೋರಿಸಿದರು. "ನನ್ನ ತೊಡ್ಯಾಗ ರಾಡ್ ಐತಿ. ಈ ತಂಗಿ ಅಡ್ಡ ಬರದಿದ್ರ ನಾ ಈಗ ದವಾಖಾನ್ಯಾಗ ಇರತಿದ್ನಿ. ಬೂಟು ಬಿಚ್ಚು. ಕುಂದ್ರು. ಮನ್ಯಾಗ ಹಂಡೆ ಐತೇನು ನಿಮ್ಮಲ್ಲಿ?"

ಬೂಟಿನವನು ಬೂಟು ಬಿಚ್ಚಿ ಕೂತ. ಎಂಟು ಮಂದಿಯೂ ಕಾಲನ್ನು ನೀರಿಗೆ ಬಿಟ್ಟು ಕೂತರು. ಬಸಲಿಂಗಮ್ಮ ಹಂಡೆಯಿಂದ ಶುರುಮಾಡಿ ಹಕ್ಕಳೆಗೆ ಬಂದರು, ಹಕ್ಕಳೆಯಿಂದ ಪಾಚಿಗೆ ಬಂದರು. ಕೈ ಆಡಿಸಿ ಹೇಳಿದರು. ನಡುವೆ ಒಂದು ಕಡೆ ತಾವೇ ಬೆರಗಾಗಿ, "ಹೌದ್ರಿ, ಖರೇನ!" ಅಂದರು. ಜನ ಬಾಯಿ ತೆರೆದು ಕೇಳಿದರು.

ನಿಂಬೆವ್ವ ಮೊಣಕಾಲು ನೀಡಿಕೊಂಡು ಕೂತು ಕೇಳುತ್ತಿದ್ದಳು. ಅದೆಲ್ಲ ಅವಳದೇ ಮಾತು, ಒಂದು ಶಬ್ದವೂ ಹೊಸದಲ್ಲ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಅವಳು ಆ ಮಾತನ್ನು ಹೇಳಿದ್ದಳೇ ಹೊರತು ಒಮ್ಮೆಯೂ ಕೇಳಿರಲಿಲ್ಲ. ಕೇಳಿದವರ ಮುಖವನ್ನೂ ಈಚೆಗೆ ಸರಿಯಾಗಿ ನೋಡಿರಲಿಲ್ಲ. ಈಗ ನೋಡಿದಳು. ಎಂಟು ಮುಖದಲ್ಲೂ ಆ ಮಾತು ಅದೇ ಮೊದಲು ಹುಟ್ಟಿದಂತಿತ್ತು.

ಕೆಳಗಿನ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದು ಹೋಯಿತು. ಹನ್ನೊಂದು ನಲವತ್ತೈದರ ಬಸ್ಸು. ರಾಚಯ್ಯ ಗಡಿಯಾರ ನೋಡಿಕೊಂಡು, "ಎರಡು ನಿಮಿಷ ಮೊದಲ ಬಿಟ್ಟಾನ" ಎಂದಷ್ಟೇ ಗೊಣಗಿದರು. ಇನ್ನೊಂದು ಬಸ್ಸು ಎರಡು ಗಂಟೆಗೆ.

ನಿಂಬೆವ್ವ ಆ ಎಂಟು ಮಂದಿಯನ್ನು ಕರೆದುಕೊಂಡು ಹತ್ತಿದಳು. ಬಸಲಿಂಗಮ್ಮ ಮರದ ನೆರಳಿನಲ್ಲಿ ನಿಂಬೆವ್ವನ ಚಾಪೆ ಹಾಸಿಕೊಂಡು ಮಲಗಿದರು. "ಡಾಕ್ಟರು ಮಧ್ಯಾಹ್ನ ಮಲಗಬೇಕು ಅಂದಾರ. ಎಲ್ಲಿ ಅಂತ ಹೇಳಿಲ್ಲ" ಅಂದರು.

ರಾಚಯ್ಯ ಪಕ್ಕದಲ್ಲಿ ಕೂತು ಒದ್ದೆ ಟವಲನ್ನು ಹಿಂಡಿದರು. ಹಿಂಡುತ್ತಲೇ ಕೇಳಿದರು:

"ಮನೀಗೆ ಹೋದ ಮ್ಯಾಲ ಬಚ್ಚಲ ಒರಸೂದು ಬಿಡ್ಲೇನು?"

"ಬಿಡಬ್ಯಾಡ್ರಿ. ಅದು ಟೈಲ್ಸ್, ಜಾರತೈತಿ." ಬಸಲಿಂಗಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದರು. "ಆದ್ರ ಎಲ್ಲಿ ಒರಸಬೇಕು ಅಂತ ಒಂದ್ ಮಾತು ನನ್ನ ಕೇಳ್ರಿ. ಬಿದ್ದಾಕಿ ನಾನು. ಎರಡು ವರ್ಷದಾಗ ನೀವು ಒಂದ್ ಸಲನೂ ಕೇಳಿಲ್ಲ."

ರಾಚಯ್ಯ ಟವಲನ್ನು ಮಡಚಿ ಅವರ ತಲೆಯ ಕೆಳಗೆ ಇಟ್ಟರು. "ಕೇಳ್ತೀನಿ" ಅಂದರು.

ಮರುದಿನ ಬೆಳಿಗ್ಗೆ ನಿಂಬೆವ್ವ ಮತ್ತೆ ಧಬಧಬಿಯ ಬುಡದಲ್ಲಿದ್ದಳು. ಮೊಣಕಾಲಿನ ನೋವು ಹೋಗಿರಲಿಲ್ಲ. ಬೇಸರವೂ ಪೂರ್ತಿ ಹೋಗಿರಲಿಲ್ಲ, ಏಕೆಂದರೆ ಬೇಸರ ಒಂದು ದಿನದಲ್ಲಿ ಹೋಗುವಂಥದಲ್ಲ. ಹೊಸಬರು ಬಂದರು. ಅವಸರ ಮಾಡಿದರು. ತಮಗೆ ಎಲ್ಲ ಗೊತ್ತು ಅಂದರು. ನಿಂಬೆವ್ವ ಚಪ್ಪಟೆ ಕಲ್ಲನ್ನು ತಟ್ಟಿ ಅವರನ್ನು ಕೂರಿಸಿದಳು. ಎಲೆಗೆ ಸುಣ್ಣ ಹಚ್ಚಿದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಶುರುಮಾಡಿದಳು:

"ನಿಮ್ಮ ಮನೀ ಹಂಡೆ ನೆನಪು ಮಾಡ್ಕೋರಿ."

ನೀತಿ: ಸಾವಿರ ಸಲ ಹೇಳಿದ ಮಾತು ಹೇಳುವವರಿಗೆ ಹಳೆಯದು, ಕೇಳುವವರಿಗೆ ಅದು ಮೊದಲನೆಯ ಸಲ. ದಣಿದಾಗ ಬೇರೆ ಏನನ್ನಾದರೂ ಬಿಡಿ, 'ಯಾಕೆ' ಎಂಬುದನ್ನು ಹೇಳುವುದು ಬಿಡಬೇಡಿ. ಕೇಳುವವರೂ ಅಷ್ಟೇ. ನಂಬಲಾಗದ ಮಾತು ಕಿವಿಗೆ ಬಿದ್ದರೆ ಅದನ್ನು ತಾವೇ ತಿದ್ದಿಕೊಳ್ಳದೆ 'ಯಾಕೆ' ಎಂದು ಕೇಳಬೇಕು. ಕೇಳಲು ಒಂದು ಗಳಿಗೆ ಸಾಕು, ಬಿದ್ದರೆ ಏಳಲು ವರ್ಷಗಳು ಬೇಕು.